ಅಕ್ಕನ ಮದುವೆಯಲ್ಲಿ ಕುಡಿದ ತಂಗಿ



ಕುಡಿತದ ಬಗ್ಗೆ ಪಾಠ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ತಲೆ ತಗ್ಗಿಸುತ್ತೀರಿ, ಇನ್ನರ್ಧ ಜನ ಗಡಿಯಾರ ನೋಡುತ್ತೀರಿ. ಅದಕ್ಕೇ ಈ ಸಲ ಸಿನಿಮಾದ ಕಥೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಬಂದ ‘28 ಡೇಸ್’, ಅಂದರೆ 28 ದಿನಗಳು. ನಿರ್ದೇಶಿಸಿದವರು ಬೆಟ್ಟಿ ಥಾಮಸ್, ಮುಖ್ಯ ಪಾತ್ರ ಸಾಂಡ್ರಾ ಬುಲಕ್ ಅವರದು. ನಗಿಸುವ ಸಿನಿಮಾನೇ, ಆದರೆ ನಕ್ಕ ಮೇಲೆ ಒಳಗೆ ಚುಚ್ಚುತ್ತದೆ.

ಗ್ವೆನ್ ನ್ಯೂಯಾರ್ಕಿನಲ್ಲಿ ಬರವಣಿಗೆ ಮಾಡುವವಳು. ಓದಿದವಳು, ಸಂಪಾದನೆ ಇರುವವಳು. (ಕುಡಿತ ಅಂದರೆ ಕೂಲಿ ಮಾಡುವ ಗಂಡಸರ ಕಾಯಿಲೆ ಅಂದುಕೊಂಡವರು ಇದನ್ನು ಗಮನಿಸಿ.) ಅಕ್ಕ ಲಿಲ್ಲಿಯ ಮದುವೆಗೆ ಕುಡಿದೇ ಬರುತ್ತಾಳೆ, ಕುಣಿಯುತ್ತಾ ಮದುವೆಯ ಕೇಕಿನ ಮೇಲೆ ಬೀಳುತ್ತಾಳೆ. ಬೇರೆ ಕೇಕು ತರುತ್ತೇನೆ ಅಂತ ಮದುವೆಯ ಕಾರನ್ನೇ ಓಡಿಸಿಕೊಂಡು ಹೋಗಿ ಯಾರದೋ ಮನೆಗೆ ನುಗ್ಗಿಸುತ್ತಾಳೆ. ಜೈಲೋ, 28 ದಿನ ಚಿಕಿತ್ಸಾ ಕೇಂದ್ರವೋ ಅಂದಾಗ ಕೇಂದ್ರಕ್ಕೆ ಬರುತ್ತಾಳೆ.

ಬಂದರೂ, ‘ನನಗೇನೂ ಆಗಿಲ್ಲ, ಬೇಕಾದಾಗ ಬಿಡುತ್ತೇನೆ’ ಅನ್ನುವುದೇ. ಈ ಮಾತು ನಮಗೆ ಹೊಸದಲ್ಲ. ಹಾಗೆ ಹೇಳಿದವಳು ಬಚ್ಚಿಟ್ಟ ಮಾತ್ರೆಗಳನ್ನು ಕಿಟಕಿಯಿಂದ ಎಸೆಯುತ್ತಾಳೆ. ಆಮೇಲೆ ಮೈ ನಡುಗಿ, ಅದೇ ಮಾತ್ರೆ ಹುಡುಕಲು ಅದೇ ಕಿಟಕಿಯಿಂದ ಇಳಿಯಲು ಹೋಗಿ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಳ್ಳುತ್ತಾಳೆ. ನಗು ಬರುತ್ತದೆ. ಆದರೆ ಆ ನಡುಕ ನಾಟಕವಲ್ಲ, ಸಹೋದರಿಯರೇ. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಂಡು ಬಡಬಡಿಸಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಆದ್ದರಿಂದ ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಬೇಡ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಗೂ ದುಡ್ಡು ಹಾಕಬೇಡಿ.

ನನಗೆ ಎಲ್ಲಕ್ಕಿಂತ ದೊಡ್ಡವಳಾಗಿ ಕಂಡದ್ದು ಲಿಲ್ಲಿ. ಅವರ ತಾಯಿಯೂ ಕುಡಿಯುತ್ತಿದ್ದವಳು. ಇಬ್ಬರೂ ಮಕ್ಕಳು ಅದನ್ನು ಕಂಡೇ ಬೆಳೆದವರು. ಕೇಂದ್ರಕ್ಕೆ ಬಂದ ಲಿಲ್ಲಿ, ತಂಗಿಯಿಂದ ತನಗೆ ಎಷ್ಟು ನೋವಾಗಿದೆ ಅಂತ ಎಲ್ಲರ ಮುಂದೆ ಹೇಳುತ್ತಾಳೆ. ನಾವೇನು ಮಾಡುತ್ತೇವೆ? ಕೆಲಸಕ್ಕೆ ಹೋಗದ ದಿನ ಮೇಸ್ತ್ರಿಗೆ ‘ಅವರಿಗೆ ಜ್ವರ’ ಅನ್ನುವವರು ನಾವೇ. ಅಂಗಡಿ ಬಾಕಿಯನ್ನು ಸಂಘದ ಸಾಲದಿಂದ ತೀರಿಸುವವರೂ ನಾವೇ. ಮಾನ ಉಳಿಸಲು ಮಾಡುತ್ತೀರಿ, ನನಗೆ ಗೊತ್ತು. ತಪ್ಪು ನಿಮ್ಮದಲ್ಲ, ಕುಡಿಯುವಂತೆ ಮಾಡಿದ್ದೂ ನೀವಲ್ಲ. ಆದರೆ ಮುಚ್ಚಿಟ್ಟಷ್ಟು ದಿನ ತನಗೇನೂ ಆಗಿಲ್ಲ ಅಂತಲೇ ಆತ ತಿಳಿದಿರುತ್ತಾನೆ.

ಒಂದು ಸಾವೂ ಇದೆ. ಗ್ವೆನ್‌ಳ ಕೋಣೆಯಲ್ಲಿದ್ದ 17 ವರ್ಷದ ಆಂಡ್ರಿಯಾ ಮನೆಗೆ ಹೊರಡುವ ಹೊತ್ತಿಗೇ ಮತ್ತೆ ಮಾದಕ ವಸ್ತು ತೆಗೆದುಕೊಂಡು ಸಾಯುತ್ತಾಳೆ. ಕೇಂದ್ರದಿಂದ ಬಂದವನು ಆ ವಾರವೇ ಕುಡಿದಾಗ ‘ದುಡ್ಡೆಲ್ಲಾ ನೀರಿಗೆ ಹೋಯ್ತು ಸಿಸ್ಟರ್’ ಅಂತ ಅತ್ತವರು ನಮ್ಮಲ್ಲಿದ್ದಾರೆ. ಮರಳಿ ಬೀಳುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಚಿಕಿತ್ಸೆ ಅಲ್ಲಿಗೆ ಮುಗಿಯಲಿಲ್ಲ, ಮತ್ತೆ ಹೋಗಬಹುದು. ಗ್ವೆನ್‌ಳೂ ಹೊರಗೆ ಬಂದಾಗ ಅವಳ ಗೆಳೆಯ ಜಾಸ್ಪರ್ ಹಳೇ ದಾರಿಯಲ್ಲೇ ಇರುತ್ತಾನೆ. ಅವನನ್ನು ಬಿಟ್ಟು ನಡೆಯುತ್ತಾಳೆ.

ಕೇಂದ್ರದಲ್ಲಿ ಒಂದು ಬುದ್ಧಿಮಾತು ಹೇಳಿರುತ್ತಾರೆ: ಮೊದಲು ಒಂದು ಗಿಡ ಸಾಕಿ, ಅದು ಬದುಕಿದರೆ ಒಂದು ಪ್ರಾಣಿ, ಎರಡೂ ಉಳಿದರೆ ಆಮೇಲೆ ಪ್ರೀತಿ-ಪ್ರೇಮ. ಕೊನೆಗೆ ಜೊತೆಗಿದ್ದ ಗೆರ್ಹಾರ್ಟ್ ಗಿಡದ ಅಂಗಡಿಯಲ್ಲಿ ಸಿಗುತ್ತಾನೆ, ತನ್ನ ಗಿಡ ಒಣಗಿತು ಅಂತ ಗೋಳಾಡುತ್ತಾ! ನಕ್ಕುಬಿಟ್ಟೆ. ಆದರೂ ಆತ ಗಿಡದ ಅಂಗಡಿಗೆ ಬಂದಿದ್ದಾನೆ, ಹೆಂಡದ ಅಂಗಡಿಗಲ್ಲ.

ಸಲಹೆ ಬೇಕಾದವರು 14446ಕ್ಕೆ ಫೋನ್ ಮಾಡಿ. ಇದು ಸರಕಾರದ ವ್ಯಸನಮುಕ್ತಿ ಸಹಾಯವಾಣಿ, ಖರ್ಚಿಲ್ಲ. ಮನೆಯವರೂ ಮಾಡಬಹುದು.

ಮುಂದಿನ ಸಭೆಗೆ ಒಂದೇ ಪ್ರಶ್ನೆ. ಲಿಲ್ಲಿಯ ಹಾಗೆ ನಿಮ್ಮ ಮನೆಯಲ್ಲಿ ಮಾತಾಡುವುದಾದರೆ ಯಾವ ಹೊತ್ತಿನಲ್ಲಿ, ಯಾರನ್ನು ಜೊತೆಗೆ ಕೂರಿಸಿಕೊಂಡು ಮಾತಾಡುತ್ತೀರಿ? ಕುಡಿದಿರುವಾಗ ಬೇಡ. ಕೈ ಎತ್ತುವವನಾದರೆ ಒಬ್ಬರೇ ಇರುವಾಗಲೂ ಬೇಡ.