ಆ ರಾತ್ರಿಯೇ ಎದ್ದ ಜೋಸೆಫರು

ಓದು: ಮತ್ತಾಯ 2:13-23

ಸಂತ ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ಇಲ್ಲ. ಅವರು ಎಂಥವರೆಂದು ತಿಳಿಯುವುದು ಅವರು ಮಾಡಿದ ಕೆಲಸದಿಂದಲೇ. ಮತ್ತಾಯನ ಶುಭಸಂದೇಶದಲ್ಲಿ ನಾಲ್ಕು ಸಲ ಅವರಿಗೆ ಕನಸಿನಲ್ಲಿ ದೇವರ ಸೂಚನೆ ಬರುತ್ತದೆ. ನಾಲ್ಕು ಸಲವೂ ಅದರಂತೆ ನಡೆದರು.

ಎರಡನೆಯ ಕನಸನ್ನು ನೋಡಿ. ಹೆರೋದ ಅರಸ ಮಗುವನ್ನು ಕೊಲ್ಲಿಸಲು ಹುಡುಕುತ್ತಾನೆ, ಎದ್ದು ಈಜಿಪ್ಟಿಗೆ ಓಡಿಹೋಗು ಎಂದು ದೂತನ ಅಪ್ಪಣೆ. ಈಜಿಪ್ಟ್ ಪಕ್ಕದ ಊರಲ್ಲ, ಪರದೇಶ. ಎಷ್ಟು ದಿನ ಇರಬೇಕೆಂದೂ ಹೇಳಲಿಲ್ಲ. ಬೇರೆ ಯಾರಾದರೂ ಆಗಿದ್ದರೆ "ಬೆಳಕಾದ್ರೂ ಹರೀಲಿ, ಆಮೇಲೆ ನೋಡೋಣ" ಅಂತಿದ್ದರೇನೋ. ಕತ್ತಲಲ್ಲಿ ಎಳೆಮಗುವನ್ನು ಎತ್ತಿಕೊಂಡು ಹೊರಡುವುದು ಯಾರಿಗೆ ಬೇಕು? ಆದರೆ ಜೋಸೆಫರು ಆ ರಾತ್ರಿಯೇ ಎದ್ದು ಹೊರಟರು. ಬೆತ್ಲೆಹೇಮಿನಲ್ಲಿ ಹೆರೋದ ಕೊಲ್ಲಿಸಿದ ಮಕ್ಕಳನ್ನು ಧರ್ಮಸಭೆ ಇಂದಿಗೂ ಡಿಸೆಂಬರ್ 28ರಂದು ನೆನೆಯುತ್ತದೆ. ಜೋಸೆಫರು ತಡ ಮಾಡಿದ್ದರೆ ಅದರ ಬೆಲೆ ತೆರಬೇಕಾಗಿದ್ದುದು ಅವರಲ್ಲ, ಮಗು.

ದೇವರಿಗೆ "ಆಗಲ್ಲ" ಎನ್ನುವ ಕ್ರೈಸ್ತರು ಕಡಿಮೆ. "ನಾಳೆ ಮಾಡ್ತೀನಿ ಸ್ವಾಮಿ" ಎನ್ನುವವರೇ ಜಾಸ್ತಿ. ಆ ನಾಳೆಯ ಭಾರ ಬೇರೊಬ್ಬರ ತಲೆಯ ಮೇಲೆ ಬೀಳುತ್ತದೆ. ದಿನಗೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳುತ್ತದೆ. ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ ಎಂದು ಕಾರಣವನ್ನೂ ಕೊಡುತ್ತದೆ. "ಚಿಲ್ಲರೆ ಇಲ್ಲ, ಶನಿವಾರ ಬಾ" ಎನ್ನುವ ತೋಟದ ಯಜಮಾನರು ಕೂಲಿ ಕೊಡಲ್ಲ ಅಂತ ಹೇಳಿಲ್ಲ, ನಿಜ. ಶನಿವಾರ ಕೊಟ್ಟೂ ಕೊಡುತ್ತಾರೆ. ಆದರೆ ಮಂಗಳವಾರ ರಾತ್ರಿ ಆ ಮನೆಯ ಮಕ್ಕಳು ಏನು ಉಂಡರು?

ಜಗಳದ ವಿಷಯವೂ ಹಾಗೆಯೇ. ಸಹೋದರನಿಗೆ ನಿನ್ನ ಮೇಲೆ ಮನಸ್ತಾಪ ಇದೆ ಎಂದು ಪೀಠದ ಮುಂದೆ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸುಸ್ವಾಮಿ ಕಲಿಸಿದರು (ಮತ್ತಾಯ 5:23-24). ಬೇಲಿಯ ವಿಷಯಕ್ಕೆ ಹತ್ತು ವರ್ಷದಿಂದ ಅಣ್ಣನ ಜೊತೆ ಮಾತು ಬಿಟ್ಟವರೂ ಮೆಟ್ಟಿಲು ಹತ್ತಿ ಹರಕೆ ತೀರಿಸಲು ಬರುತ್ತಾರೆ. ಬೆಟ್ಟ ಹತ್ತುವುದು ಸುಲಭ, ಅಣ್ಣನ ಮನೆಯ ನಾಲ್ಕು ಮೆಟ್ಟಿಲು ಹತ್ತುವುದೇ ಕಷ್ಟ.

ಬೇಗ ವಿಧೇಯರಾಗುವುದೆಂದರೆ ಕಣ್ಣು ಮುಚ್ಚಿ ನುಗ್ಗುವುದಲ್ಲ. ಮರಿಯಮ್ಮನವರು ಗರ್ಭಿಣಿ ಎಂದು ತಿಳಿದಾಗ ಜೋಸೆಫರು ಯೋಚನೆ ಮಾಡಿದರು. ಈಜಿಪ್ಟಿನಿಂದ ಹಿಂದಿರುಗುವಾಗಲೂ ಜುದೇಯದಲ್ಲಿ ಅರ್ಖೆಲಾಯ ಆಳುತ್ತಿದ್ದಾನೆಂದು ಕೇಳಿ ಹೆದರಿದರು. ಕನಸಿನಲ್ಲಿ ಎಚ್ಚರಿಕೆ ಬಂದ ಮೇಲೆ ಗಲಿಲೇಯಕ್ಕೆ ಹೋದರು. ಮದುವೆ, ಸನ್ಯಾಸ ಜೀವನ, ಊರು ಬಿಡುವುದು, ಇಂಥ ವಿಷಯಗಳಲ್ಲಿ ಪ್ರಾರ್ಥಿಸಿ, ಗುರುಗಳನ್ನು ಕೇಳಿ ಮುಂದುವರಿಯಬೇಕು. ಯಾರೋ ಬಂದು "ನಂಗೆ ದರ್ಶನ ಆಯ್ತು, ನಿನ್ನ ಜಮೀನು ಮಾರು" ಅಂದ ಕೂಡಲೇ ಮಾರುವುದು ವಿಧೇಯತೆಯಲ್ಲ. ಆದರೆ ಕೂಲಿ ಕೊಡಲು, ಕ್ಷಮೆ ಕೇಳಲು, ಕಾಯಿಲೆ ಬಿದ್ದ ಅತ್ತೆಯನ್ನು ನೋಡಲು ಯಾವ ಕನಸೂ ಬೀಳಬೇಕಾಗಿಲ್ಲ. ಅಪ್ಪಣೆ ಆಗಲೇ ಆಗಿದೆ.

ಇದು ಅಭ್ಯಾಸದಿಂದ ಬರುವಂಥದ್ದು. ಜೋಸೆಫರು ಮಗುವನ್ನು ಕರೆದೊಯ್ದ ಅದೇ ಈಜಿಪ್ಟಿನಲ್ಲಿ ಮುಂದೆ ಸನ್ಯಾಸಿಗಳ ಮಠಗಳು ಬೆಳೆದವು. ಅವರ ರೀತಿಯನ್ನು ಜಾನ್ ಕ್ಯಾಸಿಯನ್ ಎಂಬ ಮಠವಾಸಿ 5ನೇ ಶತಮಾನದಲ್ಲಿ ಬರೆದಿಟ್ಟರು. ಪ್ರಾರ್ಥನೆಗೋ ಕೆಲಸಕ್ಕೋ ಕರೆಯಲು ಬಾಗಿಲು ತಟ್ಟಿದರೆ, ಬರೆಯುತ್ತ ಕುಳಿತವನು ಶುರು ಮಾಡಿದ ಅಕ್ಷರವನ್ನೂ ಪೂರ್ತಿ ಮಾಡದೆ ಎದ್ದುಬಿಡುತ್ತಿದ್ದನಂತೆ. ಸಣ್ಣದರಲ್ಲಿ ಹಾಗೆ ಎದ್ದು ಎದ್ದು ರೂಢಿಯಾದವನಿಗೆ ದೊಡ್ಡದು ಬಂದಾಗ ಕಾಲು ತಾನಾಗಿ ಏಳುತ್ತದೆ. ಮನೆಯಲ್ಲಿ ಜಪಸರಕ್ಕೆ ಅಮ್ಮ ಕರೆದಾಗ "ಈ ಧಾರಾವಾಹಿ ಮುಗೀಲಿ" ಎನ್ನದೆ ಏಳುವುದು, ನೀರು ಕೇಳಿದ ಅಜ್ಜನಿಗೆ ಆಗಲೇ ತಂದುಕೊಡುವುದು, ಇಷ್ಟರಿಂದಲೇ ಮಕ್ಕಳಿಗೆ ಆರಂಭಿಸಬಹುದು. ದೊಡ್ಡವರಿಗೂ.

ಕಾಣಿಕೆ ಹಾಕುವ ಮೊದಲು ಪೀಠದ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಬಾಕಿ ಉಳಿದ ಒಂದು ಕೆಲಸ, ಒಬ್ಬರ ಮುಖ ಮನಸ್ಸಿಗೆ ಬಂದೇ ಬರುತ್ತದೆ. ಫೋನಿನಲ್ಲಿ ಮುಗಿಯುವಂಥದ್ದಾದರೆ ಬೆಟ್ಟ ಇಳಿಯುವ ಮುಂಚೆಯೇ ಮಾಡಬಹುದು. ಕೂಲಿ ಬಾಕಿಯಾದರೆ, ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲೇ ಆ ಕೂಲಿಯವನ ಮನೆ ಸಿಗುತ್ತದೆ.