ಪ್ರತಿದ್ರವ್ಯವು ಕೆಳಕ್ಕೆ ಬೀಳುವುದೇ?

ತೊಟ್ಟು ಕಳಚಿದ ಹಣ್ಣು ನೆಲಕ್ಕೆ ಬೀಳುತ್ತದೆಂಬುದನ್ನು ಅರಿಯಲು ಶಾಸ್ತ್ರ ಓದಬೇಕಾಗಿಲ್ಲ. ಆದರೆ ಗಾಳಿಯ ಅಡ್ಡಿಯಿಲ್ಲದಿದ್ದರೆ ಭಾರವಾದುದೂ ಹಗುರವಾದುದೂ ಒಂದೇ ಸಮನೆ ಬೀಳುತ್ತವೆಂಬ ಸತ್ಯವನ್ನು ಮನಗಾಣಿಸಲು ಗೆಲಿಲಿಯೋನಂಥವನೇ ಬೇಕಾಯಿತು. 1971ರಲ್ಲಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆಯನ್ನೂ ಒಂದು ಹಕ್ಕಿಯ ಗರಿಯನ್ನೂ ಏಕಕಾಲಕ್ಕೆ ಕೈಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಐನ್‌ಸ್ಟೈನನು 1915ರಲ್ಲಿ ಮುಂದಿಟ್ಟ ಗುರುತ್ವ ಸಿದ್ಧಾಂತಕ್ಕೆ ಈ ಸಮಾನತೆಯೇ ತಳಹದಿ. ಈ ನಿಯಮ ಪ್ರತಿದ್ರವ್ಯಕ್ಕೂ ಅನ್ವಯಿಸುವುದೇ? ಇದೇ ನಮ್ಮ ಮುಂದಿರುವ ಪ್ರಶ್ನೆ.

ಪ್ರತಿದ್ರವ್ಯವೆಂದರೇನು? 1928ರಲ್ಲಿ ಡಿರಾಕ್ ಬರೆದ ಸಮೀಕರಣವು ಎಲೆಕ್ಟ್ರಾನಿಗೆ ಒಂದು ಜೋಡಿಯಿರಬೇಕೆಂದು ಸೂಚಿಸಿತು: ದ್ರವ್ಯರಾಶಿ ಅದರಷ್ಟೇ, ವಿದ್ಯುದಂಶ ಮಾತ್ರ ವಿರುದ್ಧ. 1932ರಲ್ಲಿ ಆಂಡರ್ಸನ್ ಆ ಪಾಸಿಟ್ರಾನನ್ನು ಕಂಡುಹಿಡಿದನು. 1955ರಲ್ಲಿ ಪ್ರತಿಪ್ರೋಟಾನೂ ದೊರೆಯಿತು. ದ್ರವ್ಯವೂ ಪ್ರತಿದ್ರವ್ಯವೂ ಸಂಧಿಸಿದರೆ ಎರಡೂ ನಾಶವಾಗಿ ಶಕ್ತಿ ಹೊಮ್ಮುತ್ತದೆ. ವಿಶ್ವದ ಆದಿಯಲ್ಲಿ ಇವೆರಡೂ ಸಮಪ್ರಮಾಣದಲ್ಲಿ ಹುಟ್ಟಿರಬೇಕೆನ್ನುತ್ತಾರೆ. ಆದರೆ ಇಂದು ನಮಗೆ ಕಾಣುವುದೆಲ್ಲ ದ್ರವ್ಯವೇ. ಉಳಿದರ್ಧ ಎಲ್ಲಿ ಹೋಯಿತು? ಗುರುತ್ವವು ಅದನ್ನು ಸೆಳೆಯದೆ ದೂರ ತಳ್ಳಿರಬಹುದೇ ಎಂದು ಕೆಲವರು ಕೇಳಿದರು. ಹಾಗಾಗದೆಂದು ಹೆಚ್ಚಿನವರು ನಂಬಿದ್ದರು. ಆದರೆ ನೇರವಾಗಿ ಕಂಡವರು ಯಾರೂ ಇರಲಿಲ್ಲ.

ಕಾಣುವುದು ಸುಲಭವೂ ಅಲ್ಲ. ಕಣದಲ್ಲಿ ರಾಶಿ ತೂರುವಾಗ ಕಾಳು ನೇರವಾಗಿ ಬೀಳುತ್ತದೆ, ಹೊಟ್ಟು ಗಾಳಿಯ ಪಾಲಾಗುತ್ತದೆ. ಹೊಟ್ಟಿಗೆ ತೂಕವಿಲ್ಲವೆಂದಲ್ಲ, ಗಾಳಿಯ ಬಲವು ಆ ತೂಕವನ್ನು ಮರೆಸುತ್ತದೆ. ವಿದ್ಯುದಂಶವುಳ್ಳ ಕಣಗಳ ಪಾಡೂ ಇಂಥದೇ. ಅತ್ಯಲ್ಪವಾದ ವಿದ್ಯುತ್ ಬಲವೂ ಅವುಗಳ ಮೇಲಿನ ಗುರುತ್ವವನ್ನು ಮುಚ್ಚಿಬಿಡುತ್ತದೆ. ಆದುದರಿಂದ ಪ್ರತಿಪ್ರೋಟಾನನ್ನೂ ಪಾಸಿಟ್ರಾನನ್ನೂ ಕೂಡಿಸಿ, ಒಟ್ಟಿನಲ್ಲಿ ವಿದ್ಯುದಂಶವಿಲ್ಲದ ಪ್ರತಿಹೈಡ್ರೋಜನ್ ಪರಮಾಣುವನ್ನು ರಚಿಸಬೇಕಾಯಿತು.

ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಆಲ್ಫಾ ಎಂಬ ತಂಡವು ಈ ಕಾರ್ಯವನ್ನು ಕೈಗೊಂಡಿತು. ಪಾತ್ರೆಯ ಗೋಡೆಗೆ ತಗುಲಿದರೆ ಪ್ರತಿಪರಮಾಣು ನಾಶವಾಗುವುದಷ್ಟೆ. ಆದರೆ ಅದು ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುವುದರಿಂದ, ನಿರ್ವಾತದಲ್ಲಿ ಅಯಸ್ಕಾಂತ ಕ್ಷೇತ್ರವನ್ನೇ ಗೋಡೆಯಾಗಿಸಿ ಅದನ್ನು ಹಿಡಿದಿಡಬಹುದು. ನೆಟ್ಟಗೆ ನಿಲ್ಲಿಸಿದ ಅಂಥ ಬೋನಿನಲ್ಲಿ ಪ್ರತಿ ಸಲವೂ ಸುಮಾರು 100 ಪರಮಾಣುಗಳನ್ನು ಕೂಡಿಹಾಕಿ, ಮೇಲಿನ ಮತ್ತು ಕೆಳಗಿನ ಬಾಗಿಲುಗಳನ್ನು 20 ಸೆಕೆಂಡುಗಳ ಕಾಲ ಮೆಲ್ಲಮೆಲ್ಲನೆ ತೆರೆದರು. ಹೊರಬಂದ ಪರಮಾಣು ಗೋಡೆಗೆ ತಾಗಿ ನಾಶವಾಗುವ ಸ್ಥಳವೇ ಅದು ಹೋದ ದಿಕ್ಕನ್ನು ತಿಳಿಸಿತು. ಬಳಿಕ ತಕ್ಕಡಿಯಲ್ಲಿ ಬಟ್ಟು ಬದಲಿಸುವಂತೆ, ಎರಡು ಬಾಗಿಲುಗಳ ಕ್ಷೇತ್ರಬಲವನ್ನು ಹೆಚ್ಚುಕಡಿಮೆ ಮಾಡಿ ಪರೀಕ್ಷೆಯನ್ನು ಪುನಃ ಪುನಃ ನಡೆಸಿದರು.

2023ರ ಸೆಪ್ಟೆಂಬರಿನಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ಬಾಗಿಲುಗಳೂ ಸಮವಾಗಿದ್ದಾಗ ಶೇಕಡ 80ರಷ್ಟು ಪರಮಾಣುಗಳು ಕೆಳಗಿನಿಂದಲೇ ಹೊರಬಿದ್ದವು. ಸಾಮಾನ್ಯ ಹೈಡ್ರೋಜನ್ ಇದ್ದಿದ್ದರೂ ಹೀಗೆಯೇ ಆಗುತ್ತಿತ್ತೆಂದು ಗಣನೆ ಹೇಳುತ್ತದೆ. ಅಳೆದ ಗುರುತ್ವ ವೇಗೋತ್ಕರ್ಷವು ಸಾಮಾನ್ಯ ಬೆಲೆಯ 0.75ರಷ್ಟು. ಪ್ರತಿದ್ರವ್ಯ ಮುಕ್ಕಾಲು ಪಾಲು ಮಾತ್ರ ತೂಗುತ್ತದೆಂದು ಇದರ ಅರ್ಥವಲ್ಲ, ಪ್ರಯೋಗದಲ್ಲಿ 0.13ರಷ್ಟೂ ಗಣನೆಯಲ್ಲಿ 0.16ರಷ್ಟೂ ಅನಿಶ್ಚಯವಿರುವುದರಿಂದ ಪೂರ್ಣ 1 ಎಂಬ ಬೆಲೆಗೂ ಇದು ಹೊಂದುತ್ತದೆ. ಮೇಲಕ್ಕೆ ಬೀಳುತ್ತದೆಂಬ ಊಹೆ ಮಾತ್ರ ಸುಳ್ಳಾಯಿತು. ಉಳಿದರ್ಧ ಎಲ್ಲಿ ಹೋಯಿತೆಂಬ ಒಗಟಿಗೆ ಉತ್ತರವನ್ನು ಬೇರೆಡೆ ಅರಸಬೇಕು.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಚಾರವೇಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. "ದೊಡ್ಡವರು ಹೇಳಿದ್ದಾರೆ, ಸಾಕು" ಎಂಬ ಮಾತನ್ನು ಕೇಳುತ್ತಲೇ ಬೆಳೆದವನು. ಇಲ್ಲಿಯಾದರೋ ಐನ್‌ಸ್ಟೈನನಂಥ ದೊಡ್ಡವನ ಮಾತನ್ನೂ ತಕ್ಕಡಿಗೆ ಹಾಕಿ ನೋಡಿದರು. ಮಾತು ನಿಜವಾಯಿತು, ಆದರೂ ತೂಗಿದ ಶ್ರಮ ವ್ಯರ್ಥವಾಗಲಿಲ್ಲ. ನಂಬಿಕೆಯಾಗಿದ್ದುದು ಈಗ ತಿಳಿವಾಗಿದೆ.