ಮಳೆಗಾಲಕ್ಕೆ ಗಾಡಿ ಬಿಟ್ಟುಹೋಗುವವರಿಗೆ

ಪೇಟೆಯಲ್ಲಿ ನಿಲ್ಲಿಸಲು ಜಾಗವಿಲ್ಲ, ನಮ್ಮೂರು ವಜ್ರಳ್ಳಿಯಲ್ಲಿ ಬೇಕಾದಷ್ಟು ಅಂಗಳವಿದೆ ಎಂಬುದು ನಿಮ್ಮ ಲೆಕ್ಕ. ಹಾಗಾಗಿ ಬೇಸಿಗೆ ರಜೆಗೆ ತಂದ ಕಾರು ಇಲ್ಲೇ ಉಳಿಯುತ್ತದೆ. ಹಿಂದಿನ ಸೀಟು ಕಿತ್ತು ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿಕೊಂಡು ಊರೂರು ಸುತ್ತುವ ವ್ಯಾನೂ ಇಲ್ಲಿಗೇ ಬರುತ್ತದೆ. ಬೇಡವೆನ್ನುವುದಿಲ್ಲ. ಆದರೆ ಓಡುವ ಗಾಡಿಗಿಂತ ನಿಂತ ಗಾಡಿ ಬೇಗ ಕೆಡುತ್ತದೆ, ನಮ್ಮ ಮಳೆಯಲ್ಲಂತೂ ಇನ್ನೂ ಬೇಗ. ಜೂನ್ ಮೊದಲ ವಾರ ಮೃಗಶಿರೆ ಮಳೆ ಹಿಡಿಯುವುದರೊಳಗೆ ಎಲ್ಲ ತಯಾರಿ ಮುಗಿದಿರಲಿ. ಆಮೇಲೆ ಆರಿದ್ರೆ, ಪುನರ್ವಸು, ಪುಷ್ಯ ಸಾಲಾಗಿ ಬರುತ್ತವೆ. ಒದ್ದೆಯಾದದ್ದನ್ನು ಒಣಗಿಸಲು ಬಿಸಿಲು ಸಿಗುವುದಿಲ್ಲ.

ಮೊದಲು ಜಾಗ ನೋಡಿ. ಧರೆಯ ಬುಡದಲ್ಲಿ ನಿಲ್ಲಿಸಬೇಡಿ. 2021ರ ಜುಲೈಯಲ್ಲಿ ಪಕ್ಕದ ಕಳಚೆಯಲ್ಲಿ ಗುಡ್ಡ ಜರಿದದ್ದು ನಿಮಗೂ ಗೊತ್ತು. ಮರದಡಿಯೂ ಬೇಡ, ಗಾಳಿಗೆ ಟೊಂಗೆ ಮುರಿದು ಬೀಳುತ್ತದೆ. ಕೊಟ್ಟಿಗೆಯ ಮೂಲೆ ಖಾಲಿಯಿದೆ ಎಂದು ಅಲ್ಲಿಗೆ ನುಗ್ಗಿಸುವವರಿದ್ದಾರೆ. ಗಂಜಲದಿಂದ ಏಳುವ ಅಮೋನಿಯಾ ತಾಮ್ರದ ತಂತಿ, ಹಿತ್ತಾಳೆಯ ಬಿಡಿಭಾಗಗಳನ್ನು ತಿನ್ನುತ್ತದೆ. ಕೊಳೆರೋಗದ ಔಷಧಕ್ಕೆಂದು ತಂದಿಟ್ಟ ಮೈಲುತುತ್ತ, ರಸಗೊಬ್ಬರದ ಚೀಲಗಳು ಇರುವ ಶೆಡ್ಡೂ ಒಳ್ಳೆಯದಲ್ಲ. ತೇವ ಹೀರಿದ ಪೊಟ್ಯಾಷ್, ಮೈಲುತುತ್ತ ಎರಡೂ ಲೋಹಕ್ಕೆ ಶತ್ರು. ಮೇಲೆ ಗಟ್ಟಿ ಮಾಡು, ಕೆಳಗೆ ನೀರು ನಿಲ್ಲದ ನೆಲ, ಪಕ್ಕದಲ್ಲಿ ಗಾಳಿಯಾಡುವ ತೆರವು ಇದ್ದರೆ ಸಾಕು.

ಇನ್ನು ಮುಚ್ಚಿಗೆ. ಪ್ಲಾಸ್ಟಿಕ್ ತಾಡಪಾಲು ಸುತ್ತಿ ಹಗ್ಗ ಬಿಗಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೀರಿ. ಅದು ಸರಿಯಾಗಿ ಒಣಗದ ಅಡಿಕೆಯನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದಂತೆ. ಹೊರಗಿನ ನೀರು ತಡೆಯುತ್ತದೆ, ಒಳಗಿನ ತೇವ ಬಿಡುವುದಿಲ್ಲ. ಮಾಡಿನ ಕೆಳಗಿರುವ ಗಾಡಿಗೆ ಧೂಳು ತಡೆಯಲು ಹತ್ತಿಬಟ್ಟೆಯ ಹೊದಿಕೆ ಸಾಕು. ಹೊದಿಸುವ ಮುನ್ನ ತಳಭಾಗದ ಕೆಸರನ್ನು ತೊಳೆದು ಒಂದೆರಡು ದಿನ ಬಿಸಿಲಲ್ಲಿ ಪೂರ್ತಿ ಒಣಗಿಸಿ. ತುಕ್ಕು ಶುರುವಾಗುವುದು ಕೆಸರು ಹಿಡಿದ ಸಂದಿಯಿಂದಲೇ.

ಮನೆಯಂಥ ವ್ಯಾನಿಗೆ ಕೆಲಸ ಇನ್ನೂ ಹೆಚ್ಚು. ಗ್ಯಾಸ್ ಸಿಲಿಂಡರ್ ಬಿಚ್ಚಿ ಹೊರಗಿಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮುಚ್ಚಿದ ಗಾಡಿಯ ನೆಲದಲ್ಲೇ ತುಂಬಿಕೊಳ್ಳುತ್ತದೆ. ನೀರಿನ ಟ್ಯಾಂಕು, ಕೊಳಚೆ ಟ್ಯಾಂಕು ಖಾಲಿ ಮಾಡಿ, ನಲ್ಲಿಗಳನ್ನು ತೆರೆದೇ ಬಿಡಿ. ಉಳಿದ ನೀರಲ್ಲಿ ಸೊಳ್ಳೆ ಮರಿ ಮಾಡುತ್ತದೆ. ಫ್ರಿಜ್ಜಿನ ಬಾಗಿಲು ಮುಚ್ಚದಂತೆ ಒಂದು ಚಕ್ಕೆ ಸಿಕ್ಕಿಸಿ. ಹಾಸಿಗೆ, ಪರದೆಗಳನ್ನು ಮನೆಯ ಅಟ್ಟಕ್ಕೆ ಸಾಗಿಸಿ. ವ್ಯಾನಿನಲ್ಲೇ ಬಿಟ್ಟರೆ ಶ್ರಾವಣದ ಹೊತ್ತಿಗೆ ಬೂಷ್ಟು ಗ್ಯಾರಂಟಿ. ಬಿಸ್ಕತ್ತಿನ ಚೂರೂ ಉಳಿಯಬಾರದು. ಇಲಿ ಮೊದಲು ತಿಂಡಿಗೆ ಬರುತ್ತದೆ, ಆಮೇಲೆ ವೈರಿಗೆ ಹಲ್ಲು ಹಾಕುತ್ತದೆ.

ಯಂತ್ರದ ಮಾತು. ಹಳೆಯ ಆಯಿಲ್‌ನಲ್ಲಿ ಆಮ್ಲವೂ ತೇವವೂ ಸೇರಿರುತ್ತವೆ; ನಿಲ್ಲಿಸುವ ಮೊದಲೇ ಬದಲಿಸಿ, ಬಂದಮೇಲೆ ಅಲ್ಲ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಅದು ನೀರು ಹೀರುತ್ತದೆ. ಟ್ಯಾಂಕು ತುಂಬಿಸಿಟ್ಟರೆ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.4ಕ್ಕಿಂತ ಕೆಳಗಿಳಿದರೆ ಚಾರ್ಜ್ ಮಾಡಿ. ಬರಿದಾಗಿಯೇ ತಿಂಗಳುಗಟ್ಟಲೆ ಕುಳಿತರೆ ಅದರ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಚೇತರಿಸುವುದಿಲ್ಲ. ಟಯರಿಗೆ ಗಾಳಿ ಸರಿಯಾಗಿ ತುಂಬಿಸಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತೇವಕ್ಕೆ ಅಂಟಿಕೊಳ್ಳುತ್ತದೆ. ಸಮನೆಲದಲ್ಲಿ ಗೇರಿನಲ್ಲಿಟ್ಟು ಗಾಲಿಗೆ ಹಿಂದೆ ಮುಂದೆ ಕಟ್ಟಿಗೆ ಕೊಡಿ.

"ಅಪ್ಪ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡ್ಲಿ" ಎಂದು ಹೇಳಿ ಹೋಗಬೇಡಿ. ಅಷ್ಟರಲ್ಲಿ ಎಂಜಿನ್ ಕಾಯುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಮಾತ್ರ ಕೂರುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಬೇಕು, ಇಲ್ಲವಾದರೆ ಮುಟ್ಟದೇ ಇರುವುದೇ ಮೇಲು. ಎಪ್ಪತ್ತು ದಾಟಿದ ಅಪ್ಪ ಧಾರಾಕಾರ ಮಳೆಯಲ್ಲಿ ನಿಮ್ಮ ಗಾಡಿಯ ಚಾಕರಿ ಮಾಡಬೇಕೇ? ಅವರಿಗೆ ತೋಟಕ್ಕೆ ಔಷಧ ಹೊಡೆಸುವುದೇ ಸಾಕಷ್ಟಿದೆ. ಅವರ ಪಾಲಿಗೆ ಒಂದೇ ಕೆಲಸ ಬಿಡಿ: ಹೊಳವಾದ ದಿನ ಬಾಗಿಲು ತೆರೆದು ಗಾಳಿಯಾಡಿಸುವುದು. ಉಳಿದದ್ದನ್ನು ಊರಿನ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಒಪ್ಪಿಸಿ. ಇನ್ನೊಂದು ಮಾತು. ಮನೆಯಲ್ಲಿರುವುದು ಅದೊಂದೇ ಗಾಡಿಯಾದರೆ ಈ ಕ್ರಮ ಬೇಡವೇ ಬೇಡ. ರಾತ್ರಿ ಎದೆನೋವು ಬಂದರೆ ಯಲ್ಲಾಪುರದ ಆಸ್ಪತ್ರೆಗೆ ಹೊರಡಲು ಬ್ಯಾಟರಿ ಬಿಚ್ಚಿಟ್ಟ ಕಾರು ಯಾವ ಉಪಯೋಗಕ್ಕೆ?

ನಿಲ್ಲಿಸಿದ್ದೇವೆಂದು ವಿಮೆ ಬಿಡಬೇಡಿ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಕೂಡಿಟ್ಟ ನೋ ಕ್ಲೇಮ್ ಬೋನಸ್ ಹೋಗುತ್ತದೆ.

ಮಳೆ ಬಿಟ್ಟಮೇಲೆ ಬಂದವರು ನೇರ ಕೀಲಿ ತಿರುಗಿಸಬೇಡಿ. ಬಾನೆಟ್ ಎತ್ತಿ ಇಲಿಗೂಡು, ಅದರ ಹಿಂದೆ ಬಂದಿರಬಹುದಾದ ಹಾವು, ಕಡಿದ ವೈರು ನೋಡಿ. ಟಯರಿನ ಗಾಳಿ, ಬ್ರೇಕ್ ಎಣ್ಣೆ ಪರೀಕ್ಷಿಸಿ. ಅಂಗಳದಲ್ಲೇ ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡದೆ ಅರಬೈಲು ಘಟ್ಟ ಇಳಿಯುವುದಂತೂ ಬೇಡ. ಇಷ್ಟನ್ನು ಮಾಡಲು ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲೊಮ್ಮೆ ದೀಪಾವಳಿಗೊಮ್ಮೆ, ನೀವೇ ಬರಬೇಕು. ಬರಲಾಗದಿದ್ದರೆ ಮುಲಾಜಿಲ್ಲದೆ ಮಾರಿ. ಬೇಕಾದಾಗ ಬಾಡಿಗೆ ಗಾಡಿ ಸಿಗುತ್ತದೆ, ಅಪ್ಪನಿಗೂ ಶೆಡ್ಡಿನಲ್ಲಿ ಅಡಿಕೆ ಹರವಲು ಜಾಗವಾಗುತ್ತದೆ.